ಮಂಡಕ್ಕಿಯ ಭಾರ

ನಲ್ಲೂರಿನ ಮಂಡಕ್ಕಿ ಪಂಚಾಕ್ಷರಪ್ಪನ ಮನೆಯವರು ಸಂತೆಗೆ ಹೊರಟು ರಸ್ತೆಗೆ ಬಂದು ನಿಂತರೆಂದರೆ ಬಸ್ಸಿನ ಕಂಡಕ್ಟರನ ಮುಖ ಹುಳ್ಳಗಾಗುತ್ತಿತ್ತು. ಅವರದು ಮನೆ ತುಂಬ ಜನ, ಜನಕ್ಕಿಂತ ಎತ್ತರದ ಚೀಲಗಳು. ಮಂಡಕ್ಕಿ ಚೀಲ ನೋಡಲು ಆಳೆತ್ತರ, ಎತ್ತಿದರೆ ವರ್ಷದ ಕೂಸನ್ನು ಎತ್ತಿಕೊಂಡಷ್ಟೇ ಭಾರ. ಆದರೆ ಬಸ್ಸಿನ ಮೇಲೆ ಜಾಗ ತಿನ್ನುವುದು ತೂಕವಲ್ಲ, ಗಾತ್ರ.

“ಚೀಲಕ್ಕೊಂದು ಬಸ್ಸು, ಮಕ್ಕಳಿಗೊಂದು ಬಸ್ಸು ಬಿಡಿಸ್ಬೇಕು ನೋಡ್ರಿ ನಿಮಗೆ,” ಎಂದು ಕಂಡಕ್ಟರ್ ಅನ್ನುತ್ತಿದ್ದ. ಪಂಚಾಕ್ಷರಪ್ಪ ಅವನ ಜೊತೆ ಸೇರಿ ನಗುತ್ತಿದ್ದ. ತಮ್ಮ ಮರುಳಪ್ಪನಿಗೆ ಆ ನಗು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಅಣ್ಣ ನಕ್ಕು ಉಳಿಸಿದ್ದನ್ನು ತಾನು ಬೈದು ಕೆಡಿಸಬಾರದೆಂದು ಹಲ್ಲು ಕಚ್ಚಿಕೊಂಡು ಏಣಿ ಹತ್ತಿ ಚೀಲ ಕಟ್ಟುತ್ತಿದ್ದ. ಹಲ್ಲು ಕಚ್ಚಿ ಕಚ್ಚಿ ಅವನ ದವಡೆಯೇ ಅಗಲವಾಗಿದೆ ಎಂದು ಅತ್ತಿಗೆ ಸರ್ವಮಂಗಳಮ್ಮ ಹಾಸ್ಯ ಮಾಡುತ್ತಿದ್ದಳು.

ಸಂತೆಗೆ ಹೆಂಗಸರು ಬರದಿದ್ದರೆ ವ್ಯಾಪಾರವಿಲ್ಲ. ಸೇರಿನಲ್ಲಿ ಅಳೆದು, ಮೇಲೆ ಒಂದು ಬೊಗಸೆ ಕೊಸರು ಹಾಕಿ, ಕೊಳ್ಳುವವಳ ಮನೆಯ ಸಮಾಚಾರ ಕೇಳಿ ಕಳಿಸುವುದು ಅವರ ಕೆಲಸ. ಹೆಂಗಸರು ಬಂದರೆ ಮಕ್ಕಳೂ ಬರಬೇಕು. ಚನ್ನಗಿರಿ ಸಂತೆಗೆ ಎತ್ತಿನ ಗಾಡಿ ಸಾಕಾಗುತ್ತಿತ್ತು. ಹೊನ್ನಾಳಿ, ನ್ಯಾಮತಿಗೆ ಬಸ್ಸೇ ಗತಿ. ಬಸ್ಸಿನವರು ಕೈ ಎತ್ತಿದ ದಿನ ಯಾರದೋ ಟ್ರ್ಯಾಕ್ಟರಿನ ಟ್ರೇಲರು.

ಆ ಟ್ರೇಲರಿನಲ್ಲಿಯೇ ಹೋದ ವರ್ಷ ಮರುಳಪ್ಪನ ಹೆಂಡತಿ ಪ್ರೇಮಮ್ಮನ ಬಸಿರು ಹೋಯಿತು. ನ್ಯಾಮತಿಯಿಂದ ಬರುವಾಗ ದಾರಿಯುದ್ದಕ್ಕೂ ಕಬ್ಬಿಣದ ತಳ ಅವಳನ್ನು ಎತ್ತಿ ಎತ್ತಿ ಒಗೆದಿತ್ತು. ಪಕ್ಕದಲ್ಲೇ ಮಾರದೆ ಉಳಿದ ಚೀಲಗಳು, ಹಾಸಿಗೆಯಷ್ಟು ಮೆತ್ತಗೆ. ಆದರೆ ಆ ಮನೆಯಲ್ಲಿ ಮಂಡಕ್ಕಿ ಚೀಲಕ್ಕೆ ಯಾರೂ ಒರಗುವಂತಿಲ್ಲ. ಒರಗಿದರೆ ಕಾಳು ಪುಡಿಯಾಗುತ್ತದೆ. ಪುಡಿಯಾದರೆ ಅಳೆಯುವ ಸೇರು ತುಂಬುವುದಿಲ್ಲ, ನಷ್ಟ. ತೊಟ್ಟಿಲು ಬಿಟ್ಟು ಇಳಿದ ಮಗುವಿಗೂ ಆ ಮನೆಯವರು ಮೊದಲು ಹೇಳಿಕೊಡುವ ಪಾಠ ಅದು. ಸೊಸೆಗೂ ಹೇಳಿಕೊಟ್ಟಿದ್ದರು. ಪ್ರೇಮ ಒರಗಲಿಲ್ಲ.

ಕೇರಿಯವರು ದೃಷ್ಟಿ ಅಂದರು. ದೇವರ ಇಚ್ಛೆ ಅಂದರು. ಮರುಳಪ್ಪ ಟ್ರೇಲರು ಅಂದ. ಅದನ್ನೂ ಮಂಡಕ್ಕಿ ಹುರಿಯುವ ಭಟ್ಟಿಯ ಬೆಂಕಿಯ ಮುಂದೆ, ಯಾರಿಗೂ ಕೇಳದ ಹಾಗೆ. ಅವ್ವ ಶಂಕ್ರಮ್ಮನಿಗೆ ಮಾತ್ರ ಕೇಳಿಸಿರಬೇಕು. ಅವಳು ಆ ದಿನ ಊಟ ಬಿಟ್ಟಳು.

ಈ ವರ್ಷ, ಅಂದರೆ ಎಂಬತ್ಮೂರನೇ ಇಸವಿಯಲ್ಲಿ, ಪ್ರೇಮ ಮತ್ತೆ ಬಸುರಿ. ಅತ್ತಿಗೆಯ ಮಡಿಲಲ್ಲೂ ಹೊಸ ಕೂಸು. ಒಂದು ಸಂಜೆ ಪಂಚಾಕ್ಷರಪ್ಪ ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು ಜಗುಲಿಗೆ ಬಂದು, “ಇನ್ನ ಯಾರ ಕಾಲೂ ಹಿಡಿಯೋದು ಬ್ಯಾಡ. ನಮ್ಮದೇ ಒಂದು ಗಾಡಿ ಆಗ್ಲಿ. ಹಳೇದಾದ್ರೂ ಪರವಾಗಿಲ್ಲ, ಎಲ್ಲಾರೂ ಹಿಡಿಸ್ಬೇಕು,” ಅಂದ.

ಮರುಳಪ್ಪ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲಾರಿ ಹತ್ತಿದವನು. ಕ್ಲೀನರಾಗಿ ಗ್ರೀಸು ತಿಂದು, ಡ್ರೈವರಾಗಿ ಲೈಸೆನ್ಸು ತಂದು, ಅಪ್ಪ ಸತ್ತ ಮೇಲೆ ಭಟ್ಟಿಗೆ ಕೈ ಸಾಲದೆಂದು ವಾಪಸು ಬಂದವನು. ಗಾಡಿ ಓಡಿಸುವವನು ತಾನೇ, ನೋಡುವವನೂ ತಾನೇ. ಅಷ್ಟು ದಿನದಲ್ಲಿ ಅವನಿಗೆ ಮೊದಲ ಸಲ ಆ ಮನೆಯಲ್ಲಿ ತನ್ನ ಮಾತಿಗೊಂದು ತೂಕ ಬಂದ ಹಾಗೆ ಅನ್ನಿಸಿತು. ಪ್ರೇಮ ಮುಂದಿನ ಸೀಟಿನಲ್ಲಿ ಕೂತು ಸಂತೆಗೆ ಬರಬೇಕು. ಅವನಿಗೆ ಬೇಕಿದ್ದದ್ದು ಅದೊಂದೇ.

ಆದರೆ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಪಂಚಾಕ್ಷರಪ್ಪ ಮನೆಯ ಯಜಮಾನ. ಅವನು ಪಡಸಾಲೆಗೆ ಬಂದರೆ ಪ್ರೇಮ ಸೆರಗು ಹೊದ್ದು ಒಳಗೆ ಸರಿಯುತ್ತಾಳೆ. ಅವನ ಮುಂದೆ ಕೂರುವುದಿಲ್ಲ, ಅವನ ಸಮಕ್ಕೆ ನಿಲ್ಲುವುದಿಲ್ಲ. ಗಂಡನ ಅಣ್ಣನೆಂದರೆ ಅಷ್ಟು ದೂರ. ಅಂಥ ಅಣ್ಣನಿಗೆ, ನೀನು ಕೂರುವ ಜಾಗದಲ್ಲಿ ನನ್ನ ಹೆಂಡತಿ ಕೂರಲಿ ಎಂದು ಯಾವ ಬಾಯಿಂದ ಹೇಳುವುದು? ಹೇಳಿದ ದಿನ ಮನೆ ಎರಡಾದ ಹಾಗೆ. ಮರುಳಪ್ಪನಿಗೆ ಸಿಟ್ಟು ಬರುತ್ತಿದ್ದದ್ದು ಅಣ್ಣನ ಮೇಲೋ, ಆ ಕಟ್ಟಳೆಯ ಮೇಲೋ, ಅವನಿಗೇ ಬಗೆಹರಿದಿರಲಿಲ್ಲ.

ಚನ್ನಗಿರಿಯ ಮೆಕ್ಯಾನಿಕ್ ಮೌಲಾಸಾಬ್‌ನನ್ನು ಜೊತೆಗೆ ಕರೆದುಕೊಂಡು ಅಣ್ಣತಮ್ಮಂದಿರು ಮೊದಲು ಹೊನ್ನಾಳಿಗೆ ಹೋದರು. ಅಲ್ಲೊಂದು ಮುಚ್ಚಿದ ವ್ಯಾನು ಮಾರಾಟಕ್ಕಿತ್ತು. ಪಂಚಾಕ್ಷರಪ್ಪ ಹಿಂದಿನ ಬಾಗಿಲು ತೆಗೆದು ಒಳಗೆ ಇಣುಕಿ, “ಮಳೆ ಹೊಡೆದ್ರೂ ಒಂದು ಕಾಳು ನೆನೆಯಲ್ಲ,” ಎಂದು ಅಲ್ಲೇ ಅರ್ಧ ಒಪ್ಪಿಬಿಟ್ಟ.

ಮರುಳಪ್ಪ ಮುಂದೆ ನೋಡಿದ. ಡ್ರೈವರಿಗೊಂದು ಸೀಟು, ಆಚೆಗೊಂದು ಸೀಟು, ನಡುವೆ ಕಾದ ಇಂಜಿನ್ನಿನ ಪೆಟ್ಟಿಗೆ. ಆಚೆಯ ಸೀಟು ಯಾರದು ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ಇದು ಬ್ಯಾಡಣ್ಣ. ಇಂಜಿನ್ನು ಹೊಗೆ ಬಿಡ್ತೈತೆ.”

“ಎಲ್ಲೈತಪ್ಪಾ ಹೊಗೆ?” ಎಂದ ಮೌಲಾಸಾಬ್. “ಅದು ನೀನು ಸೇದಿ ಬಿಸಾಕಿದ ಬೀಡಿದು.”

“ಗೇರು ಸಡ್ಲ ಐತೆ.”

“ನೀನು ಇನ್ನೂ ಕೈಯೇ ಹಚ್ಚಿಲ್ಲವಲ್ಲೋ ಮಾರಾಯ.”

“ನಂಗೆ ಬ್ಯಾಡ ಅಂದ್ರೆ ಬ್ಯಾಡ,” ಅಂದ ಮರುಳಪ್ಪ. ಪಂಚಾಕ್ಷರಪ್ಪ ತಮ್ಮನ ಮುಖ ನೋಡಿದ. “ಇವನಿಗೆ ಹೆಣ್ಣು ನೋಡುವಾಗ್ಲೂ ಇಷ್ಟು ಸತಾಯಿಸಿರಲಿಲ್ಲ ಕಣ್ರೀ ಮೌಲಾಸಾಬ್ರೆ,” ಎಂದು ನಕ್ಕ. ಮತ್ತೆ ಅದೇ ನಗು.

ಆಮೇಲೆ ನ್ಯಾಮತಿ. ಅಲ್ಲಿ ಯಾರೋ ಹಳೆಯ ಜೀಪಿಗೆ ಟ್ರೇಲರು ಜೋಡಿಸಿ ಇಟ್ಟಿದ್ದರು, ಜೀಪು ಒಳ್ಳೆಯದಿತ್ತು. ಮನೆಗೆ ಬಂದು ಪಂಚಾಕ್ಷರಪ್ಪ ಅದರ ಸುದ್ದಿ ಎತ್ತುತ್ತಿದ್ದ ಹಾಗೆ, ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಶಂಕ್ರಮ್ಮ ಕೈ ನಿಲ್ಲಿಸದೆ, “ಟ್ರೇಲರ್ ಅನ್ನೋ ಮಾತು ಈ ಮನೇಲಿ ಆಡಬ್ಯಾಡ,” ಎಂದಳು. ಅದರ ಕಥೆ ಅಲ್ಲಿಗೆ ಮುಗಿಯಿತು. ಮರುಳಪ್ಪ ಅವ್ವನನ್ನು ನೋಡಿದ. ಅವ್ವ ಮೊರವನ್ನೇ ನೋಡುತ್ತಿದ್ದಳು.

ಬೇಸಿಗೆ ಬಂತು. ಬಸ್ಸು, ಏಣಿ, ಚೀಲ, ಕಂಡಕ್ಟರನ ಮಾತು ನಿಲ್ಲಲಿಲ್ಲ. ಪ್ರೇಮಳ ಕಾಲು ಸಂಜೆಯಾದರೆ ಬಾತುಕೊಳ್ಳುತ್ತಿತ್ತು. ಅಕ್ಕಿ ಹುರಿಯುವ ಮರಳಿನ ಕಾವಿಗೆ ಅವಳ ಮುಖ ಕೆಂಪಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಗಾಡಿ ನೋಡಿ ನೋಡಿ ಮರುಳಪ್ಪನಿಗೂ ಸಾಕಾಗಿತ್ತು. ಅಣ್ಣ ಮೆಚ್ಚಿದ್ದಕ್ಕೆಲ್ಲ ಹುಳುಕು ಹೇಳಬೇಕು, ನಿಜವಾದ ಹುಳುಕು ಬಿಟ್ಟು ಬೇರೆ ಎಲ್ಲ ಹೇಳಬೇಕು. ಆ ಕೆಲಸ ಚೀಲ ಹೊರುವುದಕ್ಕಿಂತ ಸುಸ್ತು.

ಕೊನೆಗೆ ಜಗಳೂರಿನಿಂದ ಸುದ್ದಿ ಬಂತು. ಚಿಕ್ಕಹನುಮಂತಪ್ಪ ಎಂಬ ಶೇಂಗಾ ವ್ಯಾಪಾರಿ ಯಾವುದೋ ಸರ್ಕಾರಿ ಹರಾಜಿನಲ್ಲಿ ಹಿಡಿದ ಪಿಕಪ್ ಗಾಡಿ. ಮೂವರೂ ಬಸ್ಸು ಬದಲಿಸಿ ಬದಲಿಸಿ ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ಇಳಿದರು. ಬಯಲ ಸೀಮೆ, ನೆರಳೆಂದರೆ ಮಂಡಿಯ ಗೋಡೆಯದೊಂದೇ, ಆ ನೆರಳಿನಲ್ಲಿ ಗಾಡಿ ನಿಂತಿತ್ತು. ಉದ್ದ ಮೂತಿ, ಗುಂಡನೆಯ ದೀಪಗಳು, ಹಿಂದೆ ಪಲ್ಲಂಗದಂಥ ತೆರೆದ ತೊಟ್ಟಿ. ಮೊದಲು ಯಾವ ಬಣ್ಣವಿತ್ತೋ, ಈಗ ಮಣ್ಣಿನದೇ ಬಣ್ಣ.

ಮರುಳಪ್ಪ ಬಾಗಿಲು ತೆಗೆದ. ಒಂದೇ ಸೀಟು, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ, ಜಗುಲಿಯ ಹಾಗೆ. ಅಂಗೈಯಿಂದ ಅದರ ಮೇಲಿನ ದೂಳು ಒರೆಸಿದ. ಇಲ್ಲಿ ತಾನು. ಅಲ್ಲಿ ಅವ್ವ. ಆ ತುದಿಗೆ, ಕಿಟಕಿಯ ಪಕ್ಕ, ಪ್ರೇಮ. ಅವನು ಮನಸ್ಸಿನಲ್ಲಿ ಅವರನ್ನು ಕೂರಿಸುತ್ತಿರುವಾಗಲೇ ಆ ಕಡೆಯ ಬಾಗಿಲು ಕಿರ್ರೆಂದು ತೆರೆದು ಪಂಚಾಕ್ಷರಪ್ಪ ಹತ್ತಿ ಕೂತ. “ಅಬ್ಬಾ, ಮಲಗಬಹುದು ಕಣೋ ಇದ್ರಲ್ಲಿ,” ಅಂದ.

ಮರುಳಪ್ಪ ಇಂಜಿನ್ ಚಾಲೂ ಮಾಡಿಸಿ, ಕಿವಿ ಕೊಟ್ಟು, ಕೆಳಗೆ ತೂರಿ ನೋಡಿ ಬಂದ. ಮೌಲಾಸಾಬ್ ಹಿಂದಿನ ಚಕ್ರದ ಮೇಲೆ ಒಂದರ ಮೇಲೊಂದು ಬಿಗಿದ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳನ್ನು ಸ್ಪ್ಯಾನರಿನಿಂದ ತಟ್ಟಿ, “ಪಟ್ಟಿ ನೋಡ್ರಿ ಹೆಂಗದಾವೆ. ಬಂಡೆ ಹೇರಿದ್ರೂ ಬಾಗಲ್ಲ. ಇಷ್ಟು ಬ್ಯಾಡ ಅಂದ್ರೆ ಎರಡು ಕಳಚಿ ಕೊಡ್ತೀನಿ, ಮೆತ್ತಗಾಗ್ತೈತೆ,” ಅಂದ.

“ಕಳಚೋದ್ಯಾಕ್ರೀ?” ಎಂದ ಪಂಚಾಕ್ಷರಪ್ಪ. “ಸಂತೆ ಇಲ್ಲದ ದಿನ ಅಡಿಕೆ ಹೇರಿದ್ರೆ ಬಾಡಿಗೆ ಬರ್ತೈತೆ. ಪಟ್ಟಿ ಗಟ್ಟಿ ಅದಾವೆ ಅಂತಲೇ ತಗೊಳ್ಳಾದು.”

ಭಾರ ಹೇರಿ ನೋಡೋಣ ಎಂದವನು ಮರುಳಪ್ಪನೇ. ಲಾರಿಯವರ ರೂಢಿ ಅದು; ಖಾಲಿ ಗಾಡಿ ಓಡಿಸಿ ನೋಡಿ ಕೊಳ್ಳುವವನನ್ನು ಲಾರಿಯವರು ದಡ್ಡ ಅನ್ನುತ್ತಾರೆ. ಚಿಕ್ಕಹನುಮಂತಪ್ಪ ತನ್ನ ಮಂಡಿಯಿಂದ ಜೋಳದ ಚೀಲಗಳನ್ನು ತೊಟ್ಟಿ ತುಂಬ ಹೇರಿಸಿದ. ಪಂಚಾಕ್ಷರಪ್ಪ ಚೀಲಗಳ ಮೇಲೆ ಹತ್ತಿ ನಿಂತ. ಊರಾಚೆಯ ಕಲ್ಲು ರಸ್ತೆಯಲ್ಲಿ ಮರುಳಪ್ಪ ಬೇಕೆಂದೇ ಗುಂಡಿ ನೋಡಿ ಚಕ್ರ ಇಳಿಸಿದ. ಗಾಡಿ ಒಮ್ಮೆ ಬಾಗಿ ಎದ್ದಿತು, ಅಷ್ಟೆ.

“ತೊಟ್ಲು ತೂಗಿದಂಗೆ ಐತೆ ಕಣೋ,” ಎಂದು ಮೇಲಿನಿಂದ ಅಣ್ಣ ಕೂಗಿದ.

ತೊಟ್ಟಿಲು ಎಂಬ ಮಾತು ಮರುಳಪ್ಪನಿಗೆ ಹಿತವಾಗಿ ಕೇಳಿತು. ಇದೇ ಗಾಡಿ ಎಂದು ಆ ಕ್ಷಣ ಅವನು ನಿಶ್ಚಯ ಮಾಡಿದ. ಮೂವರು ಗಂಡಸರು ಅಲ್ಲಿದ್ದರು, ಮಾರುವವನೊಬ್ಬ. ಇವರ ಮನೆಯಲ್ಲಿ ಹೇರುವುದು ಜೋಳವಲ್ಲ ಎಂಬುದು ನಾಲ್ವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಪಂಚಾಕ್ಷರಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಚಿಕ್ಕಹನುಮಂತಪ್ಪನ ಕೈಮೇಲೆ ಹೊದಿಸಿದ. ದನ ಕೊಳ್ಳುವಾಗಿನ ಹಾಗೆ ಟವೆಲ್ಲಿನ ಕೆಳಗೆ ಬೆರಳುಗಳು ಬೆಲೆ ಮಾತಾಡಿಕೊಂಡವು. ಮೇಲೆ ಇಬ್ಬರೂ ಮಳೆಯ ಸುದ್ದಿ ಆಡುತ್ತಿದ್ದರು. ಸಂಜೆಗೆ ಗಾಡಿ ಇವರದಾಯಿತು.

ಮನೆಯ ಮುಂದೆ ಪೂಜೆ, ಚಕ್ರಕ್ಕೆ ನಿಂಬೆಹಣ್ಣು, ಮೂತಿಗೆ ಹಾರ. ಮಕ್ಕಳು ತೊಟ್ಟಿಯಿಂದ ಇಳಿಯಲೊಲ್ಲವು. ಪ್ರೇಮ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಆಮೇಲೆ ಭಟ್ಟಿಯ ಹತ್ತಿರ ಅವಳೊಬ್ಬಳೇ ಸಿಕ್ಕಾಗ ಮರುಳಪ್ಪ, “ಸೀಟು ನೋಡಿದೆಯಾ? ನೀನು ಮುಂದೆ ಕೂತು ಬರೋದು ಇನ್ಮೇಲೆ,” ಅಂದ.

“ಭಾವ ಎಲ್ಲಿ ಕೂರ್ತಾರಂತೆ?”

“ಅವನೇ ತಿಳ್ಕೊಂಡು ಹಿಂದೆ ಹೋಗ್ತಾನೆ. ಚೀಲದ ಕಾವಲಿಗೆ ಒಬ್ಬ ಬೇಕಲ್ಲ.”

ಪ್ರೇಮ ಮರಳು ಜರಡಿ ಹಿಡಿಯುತ್ತಿದ್ದಳು. “ತಿಳ್ಕೊಳ್ಳೋ ಹಂಗಿದ್ರೆ ಹೋದ ವರ್ಷವೇ ತಿಳ್ಕೊಂತಿದ್ರು,” ಅಂದಳು. ಸಿಟ್ಟಿನಿಂದ ಹೇಳಲಿಲ್ಲ, ಉಪ್ಪು ಕಡಿಮೆಯಾಗಿದೆ ಎಂದ ಹಾಗೆ ಹೇಳಿದಳು. ಅದಕ್ಕೇ ಅವನಿಗೆ ಹೆಚ್ಚು ಸಿಟ್ಟು ಬಂತು.

ನ್ಯಾಮತಿ ಸಂತೆಯ ಬೆಳಿಗ್ಗೆ ತೊಟ್ಟಿಯಲ್ಲಿ ಚೀಲಗಳು ಗೋಪುರದ ಹಾಗೆ ಏರಿದವು. ಹೊಸ ಹಗ್ಗ ತಂದು ಅಡ್ಡ ಉದ್ದ ಬಿಗಿದರು. ಪಂಚಾಕ್ಷರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಸೀದಾ ಮುಂದಿನ ಬಾಗಿಲು ತೆಗೆದು, ಅವ್ವನನ್ನು ನಡುವೆ ಕೂರಿಸಿ, ಎರಡು ಮಕ್ಕಳನ್ನು ತೊಡೆಯ ಮೇಲೆ ಎಳೆದುಕೊಂಡು, ಕಿಟಕಿಯ ಪಕ್ಕ ಕೂತ. ದಾರಿಯಲ್ಲಿ ಸಿಕ್ಕವರು ನೋಡಲಿ ಎಂದು ಮೊಣಕೈ ಹೊರಗೆ ಚಾಚಿದ. ಅವನಿಗೆ ಅದು ತಪ್ಪು ಎಂದು ಅನ್ನಿಸಿದ ಲಕ್ಷಣವೇ ಇರಲಿಲ್ಲ. ಯಜಮಾನ ಬೇರೆಲ್ಲಿ ಕೂರುತ್ತಾನೆ?

ಸರ್ವಮಂಗಳಮ್ಮ ಕೂಸನ್ನು ಅವುಚಿಕೊಂಡು, ಇನ್ನೊಂದು ಹುಡುಗಿಯನ್ನು ಎತ್ತಿ ಹಾಕಿ, ಹಿಂದೆ ಹತ್ತಿದಳು. ಪ್ರೇಮಳಿಗೆ ಕೈ ಕೊಟ್ಟು ಎಳೆದುಕೊಂಡಳು. “ಒರಗಬ್ಯಾಡ್ರಿ,” ಎಂದು ಮುಂದಿನಿಂದ ಪಂಚಾಕ್ಷರಪ್ಪ ಅಭ್ಯಾಸಬಲದಿಂದ ಕೂಗಿದ.

ಕೆರೆ ಏರಿ ದಾಟುವ ಮೊದಲೇ ಮರುಳಪ್ಪನಿಗೆ ತಿಳಿದುಹೋಯಿತು. ಜೋಳ ಹೇರಿದಾಗ ತೊಟ್ಟಿಲಾಗಿದ್ದ ಗಾಡಿ ಮಂಡಕ್ಕಿ ಹೇರಿದಾಗ ಗೂಳಿಯಾಗಿತ್ತು. ಆ ಗಟ್ಟಿ ಪಟ್ಟಿಗಳಿಗೆ ಬಾಗಲು ಭಾರ ಬೇಕು. ಮಂಡಕ್ಕಿಗೆ ಭಾರವೆಲ್ಲಿಂದ ಬರಬೇಕು? ಸಣ್ಣ ಕಲ್ಲು ಸಿಕ್ಕರೂ ತೊಟ್ಟಿ ಎಗರಿ ಬೀಳುತ್ತಿತ್ತು. ಟ್ರೇಲರೇ ವಾಸಿ ಅನ್ನಿಸುವ ಹಾಗೆ. ಹೊನ್ನಾಳಿಯ ವ್ಯಾನಿಗೆ ಹುಳುಕು ಹೇಳಿ, ಜೀಪು ಬಿಟ್ಟು, ಜಗಳೂರಿನ ತನಕ ಹೋಗಿ, ಆರಿಸಿ ಆರಿಸಿ ಅವನು ಪ್ರೇಮಳಿಗೆ ತಂದುಕೊಟ್ಟದ್ದು ಇದು.

ಹಿಂದಿನಿಂದ ಧಡ್ ಎಂಬ ಸದ್ದು. “ಮೆಲ್ಲಕೆ ಹೋಗಪ್ಪೋ, ಹೆಣ ಹೊತ್ಕೊಂಡು ಹೊಂಟಿಲ್ಲ ನೀನು,” ಎಂದು ಅತ್ತಿಗೆ ಕೂಗಿದಳು.

ಮರುಳಪ್ಪ ಕಾಲು ಸಡಿಲಿಸಿದ.

“ಹೊಡಿಯೋ, ಹೊತ್ತಾಗ್ತೈತೆ. ಜಾಗ ಹೋದ್ರೆ ಎಲ್ಲಿ ಹರಡಾದು?” ಎಂದ ಅಣ್ಣ.

“ಹಿಂದೆ ಕುಣೀತೈತೆ ಅಣ್ಣ.”

“ಹೊಸದಲ್ವಾ, ಅಭ್ಯಾಸ ಆಗ್ತೈತೆ ಅವರಿಗೆ.”

ಮತ್ತೊಂದು ಗುಂಡಿ, ಮತ್ತೊಂದು ಸದ್ದು. ಈ ಸಲ ಯಾರೂ ಕೂಗಲಿಲ್ಲ. ಆ ಸುಮ್ಮನಿರುವಿಕೆ ಮರುಳಪ್ಪನಿಗೆ ತಡೆಯಲಾಗಲಿಲ್ಲ. ಒಂದು ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸಿ ಇಳಿದು ಹಿಂದಕ್ಕೆ ಬಂದ.

ಪ್ರೇಮ ಒಂದು ಕೈಯಲ್ಲಿ ತೊಟ್ಟಿಯ ಅಂಚು ಹಿಡಿದಿದ್ದಳು, ಇನ್ನೊಂದು ಕೈ ಹೊಟ್ಟೆಯ ಕೆಳಗೆ. ತುಟಿ ಕಚ್ಚಿಕೊಂಡಿದ್ದಳು. ಅವಳ ಬೆನ್ನಿಗೂ ಹಿಂದಿನ ಚೀಲಕ್ಕೂ ನಡುವೆ ಒಂದು ಗೇಣು ಜಾಗ. ಇಷ್ಟು ದೂರ, ಇಷ್ಟು ಎಗರಾಟದಲ್ಲೂ, ಆ ಗೇಣು ಜಾಗವನ್ನು ಅವಳು ಕಾಪಾಡಿಕೊಂಡು ಬಂದಿದ್ದಳು.

ಮರುಳಪ್ಪನಿಗೆ ಆ ಚೀಲಗಳನ್ನೆಲ್ಲ ಎಳೆದು ಗದ್ದೆಗೆ ಒಗೆದುಬಿಡಬೇಕು ಅನ್ನಿಸಿತು. ಅಣ್ಣನ ಇಸ್ತ್ರಿ ಅಂಗಿ ಹಿಡಿದು ಕೆಳಗೆ ಇಳಿಸಬೇಕು, ಹಿಸ್ಸೆ ಕೊಡು, ನಿನ್ನ ಭಟ್ಟಿ ನಿನಗೆ, ನನ್ನ ಗಾಡಿ ನನಗೆ ಎಂದು ಈ ರಸ್ತೆಯಲ್ಲೇ ಹೇಳಿಬಿಡಬೇಕು ಅನ್ನಿಸಿತು. ಪ್ರೇಮ ಅವನ ಮುಖ ನೋಡಿ ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು. ಅವಳ ಕಣ್ಣಿನಲ್ಲಿ ಭಯವೂ ಇರಲಿಲ್ಲ, ಬರೀ ದಣಿವು. ಜಗಳ ಕೇಳುವಷ್ಟು ತ್ರಾಣವೂ ತನಗಿಲ್ಲ ಎಂಬ ದಣಿವು.

ಅವನು ಬೇರೆ ಕಡೆ ನೋಡಿದ. ಕಣ್ಣಿಗೆ ಹಗ್ಗದ ಗಂಟು ಬಿತ್ತು. ಗಾಡಿಯ ಆ ಮಗ್ಗುಲಿಗೆ ಹೋಗಿ, ಯಾರಿಗೂ ಕಾಣದ ಹಾಗೆ, ತಾನೇ ಬಿಗಿದಿದ್ದ ಗಂಟನ್ನು ತಾನೇ ಬಿಚ್ಚಿದ. ಮೇಲಿನ ಚೀಲಗಳು ನಿಟ್ಟುಸಿರು ಬಿಟ್ಟ ಹಾಗೆ ವಾಲಿದವು.

“ಅಣ್ಣ, ಹಗ್ಗ ಹೋಗೈತೆ.”

“ಕಟ್ಟು ಮತ್ತೆ.”

“ಕಟ್ಟಿದ್ರೆ ನಿಲ್ಲಲ್ಲ, ಹಂಗೆ ಎಗರ್ತೈತೆ ಗಾಡಿ. ಹಿಡ್ಕೊಂಡು ಕೂರಾಕೆ ಒಬ್ಬ ಗಂಡಾಳು ಬೇಕು. ಹೊನ್ನಾಳಿ ಸೇತುವೆ ಮೇಲಿನ ಗಾಳಿ ನಿಂಗೇ ಗೊತ್ತಲ್ಲ, ಚೀಲ ಹೊಳೆ ಪಾಲಾಗ್ತಾವೆ.”

“ನೀನು ಹಿಡ್ಕೋ.”

“ಗಾಡಿ ಯಾರು ಹೊಡೀತಾರೆ?”

ಪಂಚಾಕ್ಷರಪ್ಪ ಸ್ಟೇರಿಂಗ್ ನೋಡಿದ, ತಮ್ಮನನ್ನು ನೋಡಿದ. ಹೆಂಗಸರು ಹಿಡಿಯಲಿ ಎಂದು ಬಾಯಿಗೆ ಬಂದಿರಬೇಕು. ಅಷ್ಟರಲ್ಲಿ ಶಂಕ್ರಮ್ಮ, “ಇಳಿಯಪ್ಪ, ಸಂತೆ ಹೊತ್ತು ಮೀರ್ತೈತೆ,” ಎಂದಳು. ಅವನು ಅಂಗಿಯ ತೋಳು ಮಡಚಿಕೊಂಡು ಹಿಂದೆ ಹತ್ತಿ, ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡ.

ಅವನು ಹತ್ತುತ್ತಿದ್ದ ಹಾಗೆ ಪ್ರೇಮ ಸೆರಗು ಎಳೆದುಕೊಂಡು ಮೂಲೆಗೆ ಮುದುಡಿದಳು. ಮುದುಡಲೂ ಅಲ್ಲಿ ಜಾಗವಿರಲಿಲ್ಲ. ಆಗ ಶಂಕ್ರಮ್ಮನ ದನಿ ಮುಂದಿನಿಂದ ಬಂತು, ಮಾಮೂಲಿ ದನಿ:

“ಭಾವ ಕೂತ ಕಡೆ ಚಿಕ್ಕಾಕಿ ಹೆಂಗೆ ಕೂರ್ತಾಳೆ? ನೋಡಿದೋರು ಏನಂತಾರೆ? ಪ್ರೇಮಾ, ನೀನು ಮುಂದಕ್ಕೆ ಬಾ. ಈ ಮಕ್ಕಳನ್ನ ಹಿಂದೆ ಸರ್ವಮಂಗಳೆ ಹತ್ರ ಕಳಿಸ್ತೀನಿ.”

ಯಾವ ಕಟ್ಟಳೆ ಅವಳನ್ನು ಇಷ್ಟು ದಿನ ಹಿಂದೆ ಇಟ್ಟಿತ್ತೋ ಅದೇ ಕಟ್ಟಳೆ ಈಗ ಅವಳನ್ನು ಕೈಹಿಡಿದು ಇಳಿಸಿತು. ಪಂಚಾಕ್ಷರಪ್ಪ ತಾನೇ ಮುಖ ಆಚೆ ತಿರುಗಿಸಿ ಅವಳಿಗೆ ದಾರಿ ಬಿಟ್ಟ.

ಕಿಟಕಿಯ ಪಕ್ಕ ಪ್ರೇಮ ಕೂತಳು, ನಡುವೆ ಅವ್ವ. ಮರುಳಪ್ಪ ಗೇರು ಹಾಕಿದ. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ನ್ಯಾಮತಿಯ ತನಕ ಎಲ್ಲೆಲ್ಲಿ ಗುಂಡಿ ಇದೆ ಎಂದು ಅವನಿಗೆ ಗೊತ್ತು. ಒಂದೊಂದನ್ನೂ ಹುಡುಕಿ ಚಕ್ರ ಇಳಿಸಿ ಅಣ್ಣನಿಗೆ ಅಭ್ಯಾಸ ಮಾಡಿಸಬೇಕು ಎಂದುಕೊಂಡಿದ್ದ. ಮೊದಲ ಗುಂಡಿ ಬಂತು. ಪ್ರೇಮಳ ಕೈ ಹೊಟ್ಟೆಯ ಕೆಳಗೆ ಹೋಯಿತು. ಮರುಳಪ್ಪ ಬ್ರೇಕು ಒತ್ತಿ, ಸುತ್ತು ಹಾಕಿ, ಗುಂಡಿ ತಪ್ಪಿಸಿದ. ಎರಡನೆಯದನ್ನೂ ತಪ್ಪಿಸಿದ. ಹಿಂದೆ ಕೂತವನಿಗೆ ಕೊಡಬೇಕೆಂದಿದ್ದ ಏಟು ಯಾವುದನ್ನೂ ಮುಂದೆ ಕೂತವಳಿಗೆ ತಾಗದ ಹಾಗೆ ಕೊಡುವ ಉಪಾಯ ಅವನಿಗೆ ಸಿಗಲಿಲ್ಲ.

ಪ್ರೇಮ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಅತ್ತೆಯ ಹೆಗಲಿಗೂ ಅವಳಿಗೂ ನಡುವೆ ಅದೇ ಒಂದು ಗೇಣು. ನಿದ್ದೆ ಅವಳ ಕುತ್ತಿಗೆಯನ್ನು ಜಗ್ಗುತ್ತಿತ್ತು. ಜಗ್ಗಿದಾಗಲೆಲ್ಲ ಬೆಚ್ಚಿ ನೆಟ್ಟಗಾಗುತ್ತಿದ್ದಳು. ಶಂಕ್ರಮ್ಮ ಸ್ವಲ್ಪ ಹೊತ್ತು ನೋಡಿದಳು.

“ಒರಗೇ,” ಅಂದಳು. “ನಾನೇನು ಮಂಡಕ್ಕಿಯಲ್ಲ, ಪುಡಿಯಾಗಲ್ಲ.”

ಪ್ರೇಮ ಒರಗಿದಳು. ಸೇತುವೆ ಬರುವಷ್ಟರಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಹೊಳೆಯ ಗಾಳಿಗೆ ಅವಳ ಸೆರಗು ಜಾರಿತು. ಅವ್ವ ಅದನ್ನು ಹೊದಿಸಲಿಲ್ಲ.

ಎಷ್ಟೇ ತಪ್ಪಿಸಿದರೂ ತಪ್ಪದ ಗುಂಡಿಗಳು ಇದ್ದೇ ಇದ್ದವು. ಹೊನ್ನಾಳಿ ದಾಟಿದ ಮೇಲೆ ಹಿಂದಿನಿಂದ ತಗಡು ಬಡಿದ ಸದ್ದಾಯಿತು. “ಮೆಲ್ಲಕೆ ಹೋಗೋ, ಸೊಂಟ ಬಿತ್ತು,” ಎಂದು ಪಂಚಾಕ್ಷರಪ್ಪ ಕೂಗಿದ. ಸರ್ವಮಂಗಳಮ್ಮ ನಗುತ್ತಿದ್ದದ್ದೂ ಕೇಳಿಸಿತು: “ಅಭ್ಯಾಸ ಆಗ್ತೈತೆ ಬಿಡ್ರಿ.” ಹೊತ್ತಾಗ್ತೈತೆ ಅಣ್ಣ, ಜಾಗ ಹೋಗ್ತೈತೆ ಎಂದು ಕೂಗಿ ಹೇಳಲು ಮರುಳಪ್ಪ ಬಾಯಿ ತೆರೆದ. ಕೂಗಿದರೆ ಪ್ರೇಮ ಎದ್ದುಬಿಡುತ್ತಾಳೆ. ಬಾಯಿ ಮುಚ್ಚಿದ.

ನ್ಯಾಮತಿಯಲ್ಲಿ ಅವರ ಜಾಗ ಹೋಗಿತ್ತು. ಅಲ್ಲಿ ಯಾರೋ ಬೆಲ್ಲದವನು ಕೂತಿದ್ದ. ಕುರಿ ಕಟ್ಟುವ ಕಡೆಯ ಮೂಲೆಯೇ ಸಿಕ್ಕಿತು. ಪಂಚಾಕ್ಷರಪ್ಪ ಗಾಡಿಯಿಂದ ಇಳಿದದ್ದು ಇಳಿದ ಹಾಗಿರಲಿಲ್ಲ, ಯಾರೋ ಇಳಿಸಿ ಇಟ್ಟ ಹಾಗಿತ್ತು. ಸೊಂಟಕ್ಕೆ ಕೈ ಕೊಟ್ಟು ನಿಂತ. ಮೀಸೆಯಲ್ಲಿ, ಕಿವಿಯ ಮೇಲೆ, ಇಸ್ತ್ರಿ ಅಂಗಿಯ ಬೆನ್ನಿನ ತುಂಬ ಬಿಳಿ ಪುಡಿ. ಅವನು ಕೂತಿದ್ದ ಕಡೆಯ ಚೀಲಗಳಲ್ಲಿ ಮನುಷ್ಯನ ಬೆನ್ನಿನಷ್ಟಗಲದ ತಗ್ಗು ಬಿದ್ದಿತ್ತು.

ಆ ಮನೆಯಲ್ಲಿ ಮಂಡಕ್ಕಿ ಚೀಲಕ್ಕೆ ಒರಗಿದ ಮೊದಲನೆಯವನು ಯಜಮಾನನೇ. ಸರ್ವಮಂಗಳಮ್ಮ ಆ ತಗ್ಗನ್ನು ನೋಡಿದಳು, ಗಂಡನ ಬೆನ್ನು ನೋಡಿದಳು, ಸೇರು ಹುಡುಕಲು ಹೋದಳು.

ಪಂಚಾಕ್ಷರಪ್ಪ ಕೈಗೆ ಸುತ್ತಿದ್ದ ಹಗ್ಗ ಬಿಚ್ಚಿದ. ಅಂಗೈಯಲ್ಲಿ ಅದರ ಬರೆ ಎದ್ದಿತ್ತು. ಹಗ್ಗದ ತುದಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

“ಹೊಸದು,” ಅಂದ.

“ಹೂಂ,” ಅಂದ ಮರುಳಪ್ಪ.

“ಹರಿದಿಲ್ಲ.”

“ಇಲ್ಲ.”

ಮುಂದಿನ ಮಾತಿಗೆ ಮರುಳಪ್ಪ ಸಿದ್ಧನಾಗಿ ನಿಂತ. ಹೋದ ವರ್ಷದಿಂದ ಕೂಡಿಟ್ಟ ಮಾತೆಲ್ಲ ನಾಲಿಗೆಯ ಮೇಲಿತ್ತು. ಅಣ್ಣ ಬೈದರೆ ತಾನೂ ಬೈಯುತ್ತಾನೆ. ಕೈ ಎತ್ತಿದರೆ ಹಿಡಿಯುತ್ತಾನೆ. ಸಂತೆಯ ಜನ ಸೇರಲಿ, ಎಲ್ಲರೂ ಕೇಳಲಿ. ಆದರೆ ಪಂಚಾಕ್ಷರಪ್ಪ ಹಗ್ಗವನ್ನು ಮೊಣಕೈಗೆ ಸುತ್ತಿ ಸುತ್ತಿ ಸಿಂಬಿ ಮಾಡಿ ಗಾಡಿಯ ಕೆಳಗಿಟ್ಟು, ಗಿರಾಕಿ ಕರೆಯಲು ಹೋದ.

ಸಂತೆ ಮುಗಿಯುವ ತನಕ ಅವನು ತಮ್ಮನ ಜೊತೆ ಮಾತಾಡಲಿಲ್ಲ. ಕುರಿಗಳ ಮೂಲೆಯಲ್ಲಿ ವ್ಯಾಪಾರ ಅಷ್ಟಕ್ಕಷ್ಟೆ. ಪುಡಿಯಾದ ಚೀಲಗಳನ್ನು ಕೇಳುವವರಿಲ್ಲದೆ ಕೊನೆಗೆ ಕುರಿಯವರೇ ಕುರಿಗೆಂದು ಒಯ್ದರು. ಅಳೆಯುತ್ತ ಕೂತಿದ್ದ ಪ್ರೇಮಳ ಮೇಲೆ ಬಿಸಿಲು ಬಂದಾಗ, ಪಂಚಾಕ್ಷರಪ್ಪ ಅವಳ ಕಡೆ ನೋಡದೆಯೇ ತನ್ನ ಮಗಳನ್ನು ಕರೆದು, “ಚಿಗವ್ವನ ಹತ್ರ ಆ ಗೋಣಿ ತಟ್ಟು ಕಟ್ಟು, ನೆರಳಾಗ್ಲಿ,” ಎಂದ. ಮರುಳಪ್ಪ ಅದನ್ನು ಕೇಳಿಸಿಕೊಂಡ. ನಾಲಿಗೆಯ ಮೇಲಿದ್ದ ಮಾತುಗಳು ಅಲ್ಲೇ ಒಣಗಿದವು. ನುಂಗಲೂ ಆಗದೆ, ಉಗಿಯಲೂ ಆಗದೆ ಅವನು ಬೀಡಿ ಹಚ್ಚಿದ.

ಹೊತ್ತು ಇಳಿಯಿತು. ಖಾಲಿ ಚೀಲ ಮಡಚಿ ತೊಟ್ಟಿಗೆ ಹಾಕಿದರು. ಪಂಚಾಕ್ಷರಪ್ಪ ಬಂದು ಹಿಂದಿನ ಚಕ್ರದ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತು ಆ ಉಕ್ಕಿನ ಪಟ್ಟಿಗಳನ್ನು ನೋಡಿದ.

“ಮೌಲಾಸಾಬಂಗೆ ಹೇಳು,” ಅಂದ. “ಎರಡು ಕಳಚ್ಲಿ.”

“ಕಳಚಿದ್ರೆ ಅಡಿಕೆ ಬಾಡಿಗೆ ಹೊರಲ್ಲ ಅದು.”

“ಗೊತ್ತೈತೆ.”

ಏಳುವಾಗ ಅವನಿಗೆ ಚಕ್ರ ಹಿಡಿದುಕೊಳ್ಳಬೇಕಾಯಿತು. ಮರುಳಪ್ಪ ಕೈ ಚಾಚಿದ. ಅಣ್ಣ ಆ ಕೈ ಹಿಡಿಯಲಿಲ್ಲ, ತಾನೇ ಎದ್ದ. ಎದ್ದು ಹಿಂದಕ್ಕೆ ನಡೆದು ತೊಟ್ಟಿಯ ಅಂಚಿಗೆ ಕಾಲಿಟ್ಟ.

“ಚೀಲ ಖಾಲಿ ಆಗ್ಯಾವೆ ಅಣ್ಣ,” ಎಂದ ಮರುಳಪ್ಪ. “ಹಿಡ್ಕೊಳ್ಳಾಕೆ ಏನೈತೆ ಅಲ್ಲಿ?”

“ಮುಂದೆ ಬಿಸಿಲು ಮುಖಕ್ಕೆ ಹೊಡೀತೈತೆ ಕಣೋ. ಹಿಂದೆ ಗಾಳಿ ಚೆನ್ನಾಗೈತೆ.”

ನ್ಯಾಮತಿಯಿಂದ ನಲ್ಲೂರಿಗೆ ಹೋಗುವವರಿಗೆ ಸಂಜೆಯ ಬಿಸಿಲು ಬೆನ್ನಿಗೆ ಬೀಳುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು. ಬೆಳಿಗ್ಗೆ ಇವನು ಹೇಳಿದ ಹಗ್ಗದ ಸುಳ್ಳಿಗೆ ಸಂಜೆ ಅವನು ಬಿಸಿಲಿನ ಸುಳ್ಳು ಹೇಳಿದ್ದ. ಶಂಕ್ರಮ್ಮ ಆಗಲೇ ಮುಂದೆ ನಡುವೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ ಸೊಸೆಯನ್ನು ಕರೆಯುತ್ತಿದ್ದಳು.

ಖಾಲಿ ಗಾಡಿ ಬೆಳಗಿನದಕ್ಕಿಂತ ಹೆಚ್ಚು ಎಗರುತ್ತಿತ್ತು. ಮರುಳಪ್ಪ ಎರಡನೇ ಗೇರಿನಿಂದ ಮೇಲೆ ಹೋಗಲಿಲ್ಲ. ಹೊನ್ನಾಳಿಯ ಹತ್ತಿರ ಸೈಕಲ್ಲಿನವನೊಬ್ಬ ಹಿಂದೆ ಹಾಕಿ ಹೋಗುತ್ತ, “ಏನ್ರೀ, ಹೊಸಾ ಗಾಡಿ ಸವೀತೈತೆ ಅಂತಲೋ?” ಎಂದು ಕೇಳಿದ. ಬೇರೆ ದಿನವಾಗಿದ್ದರೆ ಮರುಳಪ್ಪ ಇಳಿದು ಅವನ ಸೈಕಲ್ಲು ಹಿಡಿಯುತ್ತಿದ್ದ. ಈಗ ಕಿಟಕಿಯಿಂದ ಕೈ ಹೊರಗೆ ಹಾಕಿ, ಮುಂದೆ ಹೋಗು ಎಂದು ಬೀಸಿದ. ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ಕಸುವು ಬೇಕು.

ಹೊಳೆ ದಾಟಿದ ಮೇಲೆ ಹಿಂದಿನಿಂದ ತಗಡು ಬಡಿದ ಸದ್ದಾಯಿತು.

“ಏನಣ್ಣ?”

“ಅವರಿಗೆ ನಿದ್ದೆ ಹತ್ತೈತಾ?”

ಮರುಳಪ್ಪ ಪಕ್ಕಕ್ಕೆ ನೋಡಿದ. ಅವ್ವ, ಹೆಂಡತಿ, ಇಬ್ಬರೂ ಒಬ್ಬರಿಗೊಬ್ಬರು ಒರಗಿ ಮಲಗಿದ್ದರು.

“ಹತ್ತೈತೆ.”

“ಹಂಗಾರೆ ಇನ್ನಾ ಮೆಲ್ಲಕೆ ಹೋಗು,” ಎಂದಿತು ಹಿಂದಿನ ದನಿ.

ಮರುಳಪ್ಪ ಗೇರು ಇಳಿಸಿದ.